ಅಕ್ಷರದ ಅಳತೆ

ಅಂಬೇವಾಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ನಮಗೆ ಪ್ರೋಗ್ರಾಂ ಬರೆಯಲು ಕಲಿಸಿದ ಟೀಚರಿಗೆ ದೃಷ್ಟಿ ಮಂದ. ಪರದೆಗೆ ಮೂಗು ತಾಗುವಷ್ಟು ಬಾಗಿ ಓದುತ್ತಿದ್ದರು. ಪ್ರೋಗ್ರಾಂ ಬರೆಯುವ ಎಡಿಟರ್‌ನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟರೂ, ಕ್ಲಾಸಿನ ಫೋಲ್ಡರ್ ತೆರೆದೊಡನೆ ಮತ್ತೆ ಸಣ್ಣದಾಗುತ್ತಿತ್ತು.

"ಮತ್ತ ದೊಡ್ಡದ ಮಾಡ್ಕೊಂಡ್ರಾತು, ಬಿಡ್ರಿ ಮೇಡಂ," ಎಂದೆವು.

"ದಿನಾ ಯಾಕ ಮಾಡ್ಲಿ? ನನ್ನ ಮಾತ ಮೀರಿ ಯಾರ ಮಾತ ನಡದೈತಿ, ನೋಡೂಣು." ಯಾವ ತೊಡಕಿಗೂ ಅವರು ಹೇಳುತ್ತಿದ್ದುದು ಇದನ್ನೇ.

ಹುಡುಕಿದಾಗ ಆ ಫೋಲ್ಡರಿನಲ್ಲೇ ಅಕ್ಷರದ ಅಳತೆ ಗೊತ್ತುಮಾಡುವ ಸಾಲಿದ್ದ ಇನ್ನೊಂದು ಸೆಟ್ಟಿಂಗ್ಸ್ ಫೈಲ್ ಸಿಕ್ಕಿತು. ಅದರ ಮುಂದೆ ಟೀಚರ್ ಇಟ್ಟುಕೊಂಡ ಅಳತೆ ನಡೆಯುತ್ತಿರಲಿಲ್ಲ. ಇಟ್ಟವರು ಕ್ಲಾಸಿನ ಮಾಲೀಕರು.

"ಎಲ್ಲಾರಿಗೂ ಒಂದ ಅಳತಿ ಇರ್ಲಿ ಅಂತ ಇಟ್ಟೇನ್ರಿ. ಮುಟ್ಟಬ್ಯಾಡ್ರಿ," ಎಂದರು ಮಾಲೀಕರು.

"ಎಲ್ಲಾರ ಕಣ್ಣೂ ಒಂದ ಅಳತಿ ಇಲ್ಲಲ್ರಿ," ಎಂದವರೇ ಟೀಚರ್ ಅವರೆದುರಿಗೇ ಆ ಸಾಲನ್ನು ಅಳಿಸಿ, ಫೈಲ್ ಸೇವ್ ಮಾಡಿದರು.

ನನಗೂ ಸರಿಯಾಗಿ ಕಾಣುತ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಅವತ್ತು ಮಾಲೀಕರು ನೋಡುತ್ತಿರುವಾಗಲೇ ನನ್ನ ಪರದೆಯ ಅಕ್ಷರವನ್ನೂ ದೊಡ್ಡದು ಮಾಡಿಕೊಂಡೆ.