ಬೈತಲೆ ತೆಗೆದ ಹಿತ್ತಲು

ಮೂವತ್ತೆಂಟು ವರ್ಷದಿಂದ ಕ್ಷೌರದಂಗಡಿ ನಡೆಸುತ್ತಿದ್ದವನನ್ನು ಬೀದಿಯವರೆಲ್ಲ ಕತ್ತರಿ ಮಾವ ಅಂತಲೇ ಕರೆಯುತ್ತಿದ್ದರು. ಹೆಂಡತಿಯೊಬ್ಬಳು ಮಾತ್ರ ‘ರೀ’ ಅನ್ನುತ್ತಿದ್ದಳು, ಸಿಟ್ಟು ಬಂದರೆ ಮೂರು ಮನೆ ಆಚೆಗೂ ಕೇಳುವಂತೆ.

ಅಂಗಡಿಯ ಹಳೇ ಕುರ್ಚಿ ಒಂದು ದಿನ ಹಿಂದಕ್ಕೆ ಬಾಗಿದ್ದು ಮತ್ತೆ ಮೇಲೇಳಲೇ ಇಲ್ಲ. ಗಿರಾಕಿಗೆ ಆಗದ ಆ ಕುರ್ಚಿ ನಿದ್ದೆಗೆ ಹೇಳಿ ಮಾಡಿಸಿದಂತಿತ್ತು. ಮಾವ ಅದನ್ನು ಹಿತ್ತಲಿನ ಸೀಬೆ ಮರದ ಕೆಳಗೆ ಹಾಕಿಸಿಕೊಂಡ. ಮಧ್ಯಾಹ್ನ ಉಂಡು ಅದರಲ್ಲಿ ಒರಗಿದನೆಂದರೆ ಆಯಿತು, ಮಹಾರಾಜ.

ಮಹಾರಾಜನ ಸುತ್ತ ಕಳೆ ಮೊಣಕಾಲುದ್ದ ಬೆಳೆಯಿತು.

“ರೀ! ನಾನು ಹಾಕಿದ್ದು ಹುರುಳಿಕಾಯಿ, ಬಂದಿರೋದು ಕಾಡು. ಭಾನುವಾರದೊಳಗೆ ಈ ಕಳೆ ಹೋಗಿರಬೇಕು. ಇಲ್ಲ ಅಂದ್ರೆ ನನ್ನ ತಮ್ಮ ಬಂದು ಪೂರ್ತಿ ಕಲ್ಲು ಹಾಸ್ತಾನೆ. ನಿಮ್ಮ ಕುರ್ಚಿ ಗುಜರಿಗೆ!”

ಭಾವಮೈದುನ ಕಲ್ಲು ಹಾಸುವ ಕೆಲಸದವನು, ಅಕ್ಕ ಕೂಗುವುದನ್ನೇ ಕಾಯುವವನು.

ಸೋಮವಾರ ಬೆಳಗ್ಗೆಯೇ ಬಾಚಣಿಗೆ, ಕತ್ತರಿ, ನೀರು ಚಿಮುಕಿಸುವ ಬಾಟಲಿ ಹಿಡಿದು ಹಿತ್ತಲಿಗೆ ಇಳಿದ. ಸುತ್ತ ಸಣ್ಣಗೆ, ಮೇಲೆ ತುಸು ಬಿಟ್ಟು, ಅಂಚು ತಿದ್ದಿ ಮುಗಿಸುವಾಗ ಸಂಜೆಯಾಯಿತು. ಹೆಂಡತಿಯನ್ನು ಕರೆದು, ಬೇಲಿಯ ಹತ್ತಿರ ಕೈಗನ್ನಡಿ ಹಿಡಿದು ಕೇಳಿದ: “ಹಿಂದೆ ಇಷ್ಟು ಸಾಕಾ?”

ಗುರುವಾರಕ್ಕೆ ಕಳೆ ಮೊದಲಿಗಿಂತ ದಟ್ಟವಾಗಿ ಚಿಗುರಿತ್ತು.

“ನೀವು ಕಳೆ ತೆಗೀಲಿಲ್ಲ ಕಣ್ರೀ, ಕಟಿಂಗ್ ಮಾಡಿದ್ರಿ. ನೋಡಿ, ಹೀಗೆ!” ಅವಳು ಒಂದನ್ನು ಬೇರುಸಮೇತ ಸರಕ್ಕನೆ ಕಿತ್ತಳು.

ಮಾವ ತನ್ನ ತಲೆಯನ್ನೇ ಹಿಡಿದುಕೊಂಡ. “ಅಯ್ಯೋ, ಮೆಲ್ಲಗೆ ಕಣೇ!”

“ಅದಕ್ಕೇನು ನೋವಾಗುತ್ತಾ?”

“ನನಗಾಗುತ್ತೆ. ಇಷ್ಟು ವರ್ಷದಲ್ಲಿ ಒಬ್ಬರ ಕೂದಲೂ ಕಿತ್ತವನಲ್ಲ ನಾನು.”

“ನಿಮ್ಮ ಹಳೇ ಗಿರಾಕಿ ಮೇಷ್ಟ್ರ ಮೀಸೇಲಿ ಬಿಳಿ ಕೂದಲು ಕೀಳೋದು ಮತ್ಯಾರು? ನಮ್ಮಪ್ಪನಾ?”

ಮಾವನ ಕಣ್ಣು ಅರಳಿತು. ಹೌದಲ್ಲ, ಚಿಮಟ! ಶುಕ್ರವಾರ, ಶನಿವಾರ ಅಂಗಡಿಗೆ ಬೀಗ. ಬುಡಕ್ಕೆ ನೀರು ಚಿಮುಕಿಸಿ, “ಆಯ್ತು ಆಯ್ತು, ಒಂದೇ ನಿಮಿಷ” ಎಂದು ಪ್ರತಿಯೊಂದಕ್ಕೂ ಸಮಾಧಾನ ಹೇಳುತ್ತಾ ಚಿಮಟದಿಂದ ಒಂದೊಂದೇ ಕಿತ್ತ. ಶನಿವಾರ ಇಳಿಹೊತ್ತಿಗೆ ನೆಲ ನುಣ್ಣಗಾಯಿತು, ಮಾವನ ಸೊಂಟ ಆ ಕುರ್ಚಿಯಂತಾಯಿತು.

ಹೆಂಡತಿ ಮೂಗು ಮುರಿದಳು. “ಬೀಜ ಮಣ್ಣೊಳಗೇ ಇದೆ. ವಾರ ಬಿಟ್ಟು ಮತ್ತೆ ಬರುತ್ತೆ. ಕಲ್ಲೇ ಸರಿ.”

ಮಾವ ಯೋಚಿಸಿದ: ಬಿಸಿಲು ಬೀಳದ ಹಾಗೆ ಮುಚ್ಚಿಬಿಟ್ಟರೆ ಅದು ಹೇಗೆ ಬರುತ್ತೆ? ಆದರೆ ಮುಚ್ಚುವುದಕ್ಕೆ ಏನಿದೆ? ಅಂಗಡಿಯ ಹಿಂದೆ, ಕಸದ ಗಾಡಿಯವನು ಮುಟ್ಟಲೊಲ್ಲೆ ಅಂದ ಹನ್ನೊಂದು ಮೂಟೆ ಕೂದಲು ಬಿದ್ದಿತ್ತು! ಕತ್ತಲಾಗುವ ಮೊದಲೇ ಎಲ್ಲವನ್ನೂ ತಳ್ಳುಗಾಡಿಯಲ್ಲಿ ಸಾಗಿಸಿ, ನಾಲ್ಕು ಬೆರಳು ದಪ್ಪ ಹರಡಿ, ನೀರು ಹೊಡೆದು ಬಾಚಿದ. ಹುರುಳಿಕಾಯಿ ಬೀಜ ಹಾಕಲು ಐದು ನೇರ ಬೈತಲೆ ತೆಗೆದ.

ಭಾನುವಾರ ಭಾವಮೈದುನ ಗಾಡಿ ತುಂಬ ಕಲ್ಲು ಹೇರಿಕೊಂಡು ಬಂದ. ಹಿತ್ತಲ ಬಾಗಿಲು ತೆಗೆದವನೇ ಮತ್ತೆ ಹಾಕಿಕೊಂಡ.

“ಅಕ್ಕಾ! ಕರಡಿ ಮಲಗಿದೆ!”

“ಕರಡಿ ಅಲ್ವೋ, ನಿಮ್ಮ ಭಾವನ ಬುದ್ಧಿವಂತಿಕೆ.”

ಮಾವ ಕುರ್ಚಿಯಿಂದಲೇ ಹೇಳಿದ: “ಒಂದೇ ಒಂದು ಕಳೆ ಹುಡುಕಿ ತೋರಿಸಪ್ಪ. ಆಮೇಲೆ ಧಾರಾಳವಾಗಿ ಹಾಸು.”

“ಯಾರ್ಯಾರ ತಲೇದೋ ಏನೋ ಭಾವ, ನಾನಂತೂ ಕೈ ಹಾಕಲ್ಲ!” ಕಲ್ಲು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು.

ಹತ್ತು ದಿನಕ್ಕೆ ಬೈತಲೆಯಲ್ಲಿ ಸಾಲಾಗಿ ಮೊಳಕೆ ಬಂತು. ಕಳೆ ಮಾತ್ರ ಕಾಣಲಿಲ್ಲ. ಕಾಯಿ ಬಿಟ್ಟಾಗ ಮೇಷ್ಟ್ರು ಕೋಲೂರಿಕೊಂಡು ಬಂದು, ಬೆಳ್ಳಗಿದ್ದ ಮೂಲೆಯೊಂದನ್ನು ತೋರಿಸಿ, “ಅದು ನನ್ನದು. ನನ್ನ ತಲೆ ಮೇಲೆ ಬೆಳೆದ ಕಾಯಿ ನನಗೇ ಕೊಡಮ್ಮ” ಎಂದು ಪಟ್ಟು ಹಿಡಿದರು. ಮಾವನ ಹೆಂಡತಿ ನಗು ತಡೆಯಲಾರದೆ ಚೀಲ ತುಂಬಿಸಿ ಕಳಿಸಿದಳು.

ಅವತ್ತು ಮಧ್ಯಾಹ್ನ ಕುರ್ಚಿಯಲ್ಲಿ ಒರಗುವಾಗ ಮಾವನಿಗೆ ಪಕ್ಕದಲ್ಲೇ ಒಂದು ಎಳೇ ಕಳೆ ಕಂಡಿತು. ಕೈ ತಾನಾಗಿಯೇ ಜೇಬಿನ ಕತ್ತರಿಗೆ ಹೋಯಿತು.

ಅಡುಗೆಮನೆಯ ಕಿಟಕಿಯಿಂದ ಕೆಮ್ಮು ಕೇಳಿಸಿತು.

ಮಾವ ಕತ್ತರಿ ಒಳಗಿಟ್ಟು ಚಿಮಟ ತೆಗೆದ. “ಒಂದೇ ನಿಮಿಷ,” ಎಂದ ಕಳೆಗೆ.