ನಕ್ಷತ್ರ ಮುರಿದ ಸಂಬಂಧ

ಹೋದ ತಿಂಗಳು ಹೊಳೆನರಸೀಪುರದಲ್ಲಿ ಒಂದು ಮದುವೆ ಸಂಬಂಧ ಮುರಿದುಬಿತ್ತು. ಜಾತಕ ಕೂಡಿತ್ತು. ಫೋಟೊ ನೋಡಿ ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಮುರಿದದ್ದು ಸಾವಿರಾರು ಜ್ಯೋತಿರ್ವರ್ಷ ದೂರದಲ್ಲಿರುವ ಎರಡು ನಕ್ಷತ್ರಗಳು. (ನಗಬೇಡಿ. ಮೊದಲು ನಾನೂ ನಕ್ಕಿದ್ದೆ.)

ಹುಡುಗಿ ನನ್ನ ಅಕ್ಕನ ಮಗಳು ಸುಷ್ಮಾ. ಫಿಸಿಕ್ಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಗಂಡಿನ ಕಡೆಯವರು ರಾಮನಾಥಪುರದವರು, ಹೊಗೆಸೊಪ್ಪು ಬೆಳೆಯುವ ಅನುಕೂಲಸ್ಥರು. ಹುಡುಗಿ ನೋಡಲು ಅಕ್ಕನ ಮನೆಗೆ ಬಂದ ದಿನ, ಕೇಸರಿಬಾತು ಮುಗಿದು ಕಾಫಿ ಬರುವ ಹೊತ್ತಿಗೆ ಹುಡುಗನ ತಾಯಿ, ಏನು ಓದುತ್ತಿದ್ದೀಯಮ್ಮ ಎಂದು ಕೇಳಿದರು. ಲೆಕ್ಚರರ್ ಆಗ್ತೀನಿ ಅಂತ ಹೇಳಿ ಸುಮ್ಮನಾಗು ಎಂದು ಅಕ್ಕ ಮೊದಲೇ ಹೇಳಿಕೊಟ್ಟಿದ್ದಳು. ಆದರೆ ನಮ್ಮ ನೆಂಟರಲ್ಲಿ ಯಾರೂ ಆ ಪ್ರಶ್ನೆಯನ್ನು ಅವಳಿಗೆ ಕೇಳಿಯೇ ಇರಲಿಲ್ಲ. ಹುಡುಗಿ ಅರಳಿಬಿಟ್ಟಳು.

ಹಾಸನದ ಹತ್ತಿರ ಮೊಸಳೆ ಅನ್ನೋ ಊರಲ್ಲಿ ಅಕ್ಕಪಕ್ಕ ಹೊಯ್ಸಳರ ಎರಡು ಗುಡಿ ಇವೆಯಲ್ಲ, ಹಾಗೆ ಆಕಾಶದಲ್ಲೂ ಜೋಡಿ ನಕ್ಷತ್ರಗಳಿರುತ್ತವೆ ಎಂದಳು. ಗುಡಿಗಳು ನಿಂತಲ್ಲೇ ನಿಂತಿವೆ, ಇವು ಒಂದನ್ನೊಂದು ಸುತ್ತುತ್ತವೆ. ಒಂದು ಇನ್ನೊಂದರ ಮೈಯಿಂದ ಅನಿಲ ಎಳೆದುಕೊಳ್ಳುತ್ತದೆ. ಎಳೆದದ್ದು ಹೆಚ್ಚಾದಾಗ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆಗ ಹೊಮ್ಮುವ ಗಾಮಾ ಕಿರಣಗಳೇ ತನ್ನ ವಿಷಯ ಎಂದಳು. ಕಿರಣ ಅಂದರೆ ರೇಡಿಯೇಷನ್ನಾ ಎಂದ ಹುಡುಗ. ಹೌದು, ಭಾರೀ ಶಕ್ತಿಯ ರೇಡಿಯೇಷನ್ ಎಂದಳು ಇವಳು, ಹೆಮ್ಮೆಯಿಂದ.

ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟರು.

"ನಮ್ ವಾರಗಿತ್ತಿಗೆ ಕ್ಯಾನ್ಸರ್ ಆದಾಗ ಆಸ್ಪತ್ರೇಲಿ ಅದ್ನೇ ಕೊಟ್ಟಿದ್ದು ಕಣವ್ವ, ಕರೆಂಟು ಅಂತಿದ್ರು. ಚರ್ಮ ಎಲ್ಲಾ ಸುಟ್ಟು ಕಪ್ಪಾಗೋಯ್ತು. ನೀನು ದಿನಾ ಅದ್ರ ಮುಂದೇನೇ ಕೂತ್ಕತೀಯಾ?"

ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಆಸ್ಪತ್ರೆಯ ರೇಡಿಯೇಷನ್ ಕೋಣೆಯ ಬಾಗಿಲ ಹೊರಗೆ ಕೂತು ಕಾದವರಿಗೆ ಆ ಭಯ ಇದ್ದೇ ಇರುತ್ತದೆ. ಸುಷ್ಮಾ ಬಿಡಿಸಿ ಹೇಳಿದಳು. ಆ ಕಿರಣ ನೆಲ ಮುಟ್ಟುವುದೇ ಇಲ್ಲ, ಮೇಲೆ ಗಾಳಿಯೇ ತಡೆದುಬಿಡುತ್ತದೆ. ಉಪಗ್ರಹ ಅದನ್ನು ಹಿಡಿದು ವಿವರ ಕಳಿಸುತ್ತದೆ, ತಾನು ಲ್ಯಾಪ್‌ಟಾಪ್ ಮುಂದೆ ಕೂತು ಅಂಕಿ ನೋಡುವುದಷ್ಟೆ. ಆ ಕಿರಣ ನಕ್ಷತ್ರದಿಂದ ಹೊರಟಾಗ ಹೊಯ್ಸಳರೇ ಹುಟ್ಟಿರಲಿಲ್ಲ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದಕ್ಕೇನು ಖರ್ಚು?

ಮಾರನೆಯ ದಿನ ಮಧ್ಯಸ್ಥರ ಫೋನ್ ಬಂತು. ಹುಡುಗಿ ಲಕ್ಷಣವಾಗಿದ್ದಾಳೆ, ಮನೆತನವೂ ಒಳ್ಳೆಯದು. ಆದರೆ ಮಕ್ಕಳಾಗುವುದಕ್ಕೆ ತೊಂದರೆ ಇಲ್ಲವೆಂದು ಹಾಸನದಲ್ಲಿ ಒಂದು ಟೆಸ್ಟ್ ಮಾಡಿಸಿಬಿಡಿ, ಹಾಗೇ ಆ ಕೆಲಸವನ್ನೂ ಬಿಡಿಸಿಬಿಡಿ. ಸುಷ್ಮಾ ಎರಡೂ ಆಗುವುದಿಲ್ಲ ಎಂದಳು. ಸಂಬಂಧ ಅಲ್ಲಿಗೆ ಮುಗಿಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಹೊಗೆಸೊಪ್ಪಿನ ಹಸಿ ಎಲೆ ಮುರಿಯುವ ಹೆಂಗಸರಿಗೆ ತಲೆಸುತ್ತು, ವಾಂತಿ ಬರುವುದು ಆ ಸೀಮೆಗೆಲ್ಲ ಗೊತ್ತು. ಅವರಿಗೆ ಯಾರಾದರೂ ಟೆಸ್ಟ್ ಮಾಡಿಸಿದ್ದುಂಟೆ? ಹೋಗಲಿ, ಹುಡುಗನ ರಿಪೋರ್ಟ್ ಕೊಡಿ ಎಂದು ನಾವು ಕೇಳಿದ್ದರೆ ಏನಾಗುತ್ತಿತ್ತು? ನಮ್ಮ ಹಾಸನದಿಂದಲೇ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ ಎಂದು ಬಂದ ನೆಂಟರಿಗೆಲ್ಲ ಹೇಳಿ ಎದೆಯುಬ್ಬಿಸುತ್ತೇವೆ. (ವಿಜ್ಞಾನ ಊರಿಗಿರಲಿ, ಸೊಸೆಗೆ ಬೇಡ.)

ಹೀಗೇ ಇನ್ನಷ್ಟು ಖಾರ ಅರೆದು, ರಾಮನಾಥಪುರದವರಿಗೆ ಬೈದು ಈ ಅಂಕಣ ಮುಗಿಸುವವಳಿದ್ದೆ. ಆದರೆ ಮೊನ್ನೆ ನಾನು ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡಿ ಮುಗಿಸಿ ಹಾಸನದ ಮನೆಗೆ ಬರುವಷ್ಟರಲ್ಲಿ ಅಕ್ಕ ಸುಷ್ಮಾಳನ್ನು ಕರೆದುಕೊಂಡು ಬಂದು ಕೂತಿದ್ದಳು. ಬೆಳಿಗ್ಗೆಗೆ ಲೇಡಿ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ಅಂತೆ.

"ಅವ್ರಿಗಲ್ಲ ಕಣೆ. ಮುಂದೆ ಬರೋ ಗಂಡಿನ ಕಡೇರು ಕೇಳುದ್ರೆ ತೋರ್ಸಕೆ ಒಂದಿರ್ಲಿ ಅಂತ."

ನಾನು ಜಗಳಾಡಿದೆ. ಸುಷ್ಮಾ ಆಡಲಿಲ್ಲ. ಅಮ್ಮ ಆವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಹೋಗಿ ಬಂದುಬಿಡೋಣ ಎಂದಳು. ಬೆಳಿಗ್ಗೆ ಮೂವರೂ ಆಟೋ ಹತ್ತಿದೆವು.

ಸ್ಕ್ಯಾನ್ ಆಯಿತು, ರಕ್ತ ಕೊಟ್ಟದ್ದಾಯಿತು. ಸಂಜೆ ಡಾಕ್ಟರು ಎಲ್ಲ ಚೆನ್ನಾಗಿದೆ ಎಂದರು. ಇಷ್ಟಕ್ಕೂ ಯಾಕೆ ಮಾಡಿಸಿದಿರಿ ಎಂದೂ ಕೇಳಿದರು. ಅಕ್ಕ ರಿಪೋರ್ಟ್ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಹೊರಗೆ ಬಂದ ಅಕ್ಕ ಬೆಂಚಿನ ಮೇಲೆ ಕೂತಳು. ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಸದ್ಯ, ದೇವರು ಕಾಪಾಡಿದ ಎಂದಳು. ಮುಂದೆ ಬರುವವರಿಗೆ ತೋರಿಸಲು ಮಾಡಿಸಿದ ಟೆಸ್ಟಿಗೆ ಯಾರೂ ಹಾಗೆ ಅಳುವುದಿಲ್ಲ.

ಸುಷ್ಮಾ ತಾಯಿಯನ್ನೇ ನೋಡುತ್ತ ನಿಂತಿದ್ದಳು. ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

"ಚಿಕ್ಕಮ್ಮ, ಅವರಿಗೆ ಅವತ್ತೊಂದಿನ ಹೇಳಿದ್ದೆ, ಅರ್ಥ ಆಗ್ಲಿಲ್ಲ, ಸರಿ. ಅಮ್ಮಂಗೆ ವರ್ಷಗಟ್ಟಲೆ ಹೇಳಿದ್ನಲ್ಲ?"