ಮಗಳ ಜಡೆ ಬಿಚ್ಚಿದ ಭಾನುವಾರ

ನನ್ನ ಹೆಂಡತಿ ಕೈಯಾರೆ ಮುಗಿಸಿದ ಕೊನೆಯ ಕೆಲಸ ನಮ್ಮ ಮಗಳ ತಲೆಯ ಮೇಲಿತ್ತು. ನವರಾತ್ರಿಗೆ ಮುಂಚೆ, ಅಹಮದಾಬಾದಿನ ಮಣಿನಗರದ ಬಾಡಿಗೆ ಮನೆಯಲ್ಲಿ, ಮಗಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಚೌರಿ ಸೇರಿಸಿ ತಲೆತುಂಬ ಸಣ್ಣ ಸಣ್ಣ ಜಡೆ ಹೆಣೆದಿದ್ದಳು. ಗರ್ಬಾದಲ್ಲಿ ಗಿರಕಿ ಹೊಡೆಯುವಾಗ ಅವು ಕೊಡೆಯ ಹಾಗೆ ಅರಳಬೇಕೆಂದು ಮಗಳ ಆಸೆ. ಅರಳಿದವು. ದೀಪಾವಳಿಯ ಹೊತ್ತಿಗೆ ಹೆಂಡತಿಗೆ ಡೆಂಗ್ಯೂ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದವಳು ಮನೆಗೆ ಬರಲಿಲ್ಲ.

ನಾವು ಸಿದ್ದಿಗಳು, ಮುಂಡಗೋಡದ ಕಡೆಯವರು. ನಮ್ಮ ಕೂದಲು ಬೆನ್ನ ಮೇಲೆ ಇಳಿಯುವಂಥದ್ದಲ್ಲ. ಸುರುಳಿ ಸುತ್ತಿಕೊಂಡು ತಲೆಯ ಹತ್ತಿರವೇ ದಟ್ಟವಾಗಿ ಬೆಳೆಯುತ್ತದೆ, ಒಣಗಿದರೆ ಪಟಕ್ಕನೆ ಮುರಿಯುತ್ತದೆ. ಗುಜರಾತಿನಲ್ಲೂ ಸಿದ್ದಿಗಳಿದ್ದಾರೆ, ಅವರ ಮಾತು ಗುಜರಾತಿ. ಹಾಗಾಗಿ ಇಲ್ಲಿ ಕೆಲವರು ನಮ್ಮನ್ನು ಅವರೆಂದುಕೊಂಡು ಗುಜರಾತಿಯಲ್ಲಿ ಮಾತಾಡಿಸುತ್ತಾರೆ, ಇನ್ನು ಕೆಲವರು ಆಫ್ರಿಕಾದವರೆಂದುಕೊಂಡು ಇಂಗ್ಲಿಷಿನಲ್ಲಿ. ಮನೆಯವರೊಡನೆ ನಾವು ಕನ್ನಡ ಆಡುವುದು ಕೇಳಿಸಿದರೆ ಎರಡೂ ಬಗೆಯವರು ತಿರುಗಿ ನೋಡುತ್ತಾರೆ.

ಹೆಂಡತಿ ಚೌರಿ ಸೇರಿಸಿ ಹೆಣೆಯುವುದನ್ನು ಕಲಿತದ್ದು ವಡೋದರಾದಲ್ಲಿ, ನಾವಿಬ್ಬರೂ ಅಲ್ಲಿ ಓದುತ್ತಿದ್ದಾಗ. ಫತೇಗಂಜಿನ ಅವಳ ಹಾಸ್ಟೆಲಿನಲ್ಲಿ ಆಫ್ರಿಕಾದಿಂದ ಬಂದ ವಿದ್ಯಾರ್ಥಿನಿಯೊಬ್ಬಳಿದ್ದಳು. ಟಾಂಜಾನಿಯಾದವಳೆಂದು ನನ್ನ ನೆನಪು. ಅಲ್ಲ, ಉಗಾಂಡಾ ಎಂದು ಹೆಂಡತಿ ಒಮ್ಮೆ ತಿದ್ದಿದ್ದಳು. ತಿದ್ದಿದ್ದು ನಿಜವೇ ಎಂದು ಕೇಳಲು ಈಗ ಯಾರೂ ಇಲ್ಲ. ಇಬ್ಬರೂ ಹಾಸ್ಟೆಲಿನ ತಾರಸಿಯ ಮೇಲೆ ಒಬ್ಬರ ತಲೆ ಒಬ್ಬರು ಹಿಡಿದು ಕೂತಿರುವ ದೃಶ್ಯ ನನ್ನ ಕಣ್ಣಲ್ಲಿ ಸ್ಪಷ್ಟವಾಗಿದೆ. ಬಿಸಿಲು, ತಂತಿಯ ಮೇಲೆ ಒದ್ದೆ ದುಪಟ್ಟಾ, ಬಾಯಲ್ಲಿ ಕಚ್ಚಿಕೊಂಡ ಬಾಚಣಿಗೆ. ಆದರೆ ಹುಡುಗಿಯರ ಹಾಸ್ಟೆಲಿನ ತಾರಸಿಯನ್ನು ನಾನು ಹತ್ತಿದ್ದೇ ಇಲ್ಲ. ಹತ್ತದ ತಾರಸಿಯ ದುಪಟ್ಟಾ ನೆನಪಿರುವವನ ನೆನಪನ್ನು ಎಷ್ಟು ನಂಬಬೇಕು?

ಆದ್ದರಿಂದ ಹೆಂಡತಿಯ ನಿಯಮಗಳನ್ನು ಬರೆಯುವಾಗ ನನಗೆ ಅಳುಕಿದೆ. ಹೆಣೆಯುವ ಮುನ್ನ ತೊಳೆದು, ಸಿಕ್ಕು ಬಿಡಿಸಿ, ಬುಡದವರೆಗೆ ಒಣಗಿಸಬೇಕು. ಇದು ಖಚಿತ, ಆ ದಿನಗಳಲ್ಲಿ ಮಗಳು ಮನೆತುಂಬ ಹತ್ತಿಯ ಉಂಡೆಯಂಥ ತಲೆ ಹೊತ್ತು ಓಡಾಡುತ್ತಿದ್ದಳು. ಹಣೆಯ ಅಂಚಿನ ಕೂದಲು ಎಳೆಗೂಸು, ಅದನ್ನು ಬಿಗಿಯಬಾರದು. ಬಿಗಿತಕ್ಕೆ ಮಗಳ ಹುಬ್ಬು ಮೇಲಕ್ಕೇರಿದರೆ ಆ ಜಡೆಯನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಮಲಗುವಾಗ ನುಣುಪು ಬಟ್ಟೆ ಕಟ್ಟಬೇಕು. ಬೈತಲೆಗಳಿಗೆ ಮಾತ್ರ ಒಂದೆರಡು ಹನಿ ಎಣ್ಣೆ. ಎಷ್ಟೇ ಚಂದವಿರಲಿ, ಒಂದೂವರೆ ತಿಂಗಳಿಗೆ ಬಿಚ್ಚಿಬಿಡಬೇಕು. ಆಮೇಲೆ ತಲೆಗೆ ಅಷ್ಟೇ ದಿನ ವಿಶ್ರಾಂತಿ. "ಬಿಗಿದಷ್ಟೂ ಚಂದ, ಸಡಿಲಿದಷ್ಟೂ ಆಯುಷ್ಯ" ಅನ್ನುತ್ತಿದ್ದಳು. ಅಥವಾ ಅವಳ ಮಾತುಗಳನ್ನು ಒಟ್ಟು ಮಾಡಿ ನಾನೇ ಹೀಗೆ ಹೊಸೆದುಕೊಂಡಿದ್ದೇನೆ.

ಬಿಚ್ಚಬೇಕಾದ ಹೊತ್ತು ಬಂದಾಗ ಮನೆ ಸೂತಕದಲ್ಲಿತ್ತು. ಊರಿನಿಂದ ಬಂದ ಅತ್ತೆ, ಸೂತಕ ಕಳೆಯುವವರೆಗೆ ಹೆಣ್ಣುಮಗಳ ತಲೆಗೆ ಬಾಚಣಿಗೆ ತಾಗಿಸಬಾರದು ಎಂದರು. ಸೂತಕ ಕಳೆದ ಮೇಲೆ ಮಗಳೇ ಬಿಡಲಿಲ್ಲ. "ಇದು ಅವ್ವ ಹಾಕಿದ್ದು" ಎಂದು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು. ಅತ್ತೆಗೂ ಅದೇ ಸರಿ ಅನ್ನಿಸಿತು. ತಮ್ಮ ಮಗಳನ್ನು ಕಳೆದುಕೊಂಡ ಅವರ ಕೈಗಳಿಗೆ ಮಾಡಲು ಏನಾದರೂ ಬೇಕಿತ್ತು. ಊರಿನಿಂದ ಡಬ್ಬಿಯಲ್ಲಿ ತಂದ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಶನಿವಾರ ಶನಿವಾರ ಮೊಮ್ಮಗಳ ಜಡೆಗಳ ಮೇಲೆ ಸುರಿಯತೊಡಗಿದರು.

"ಅತ್ತೆ, ಅಷ್ಟೊಂದು ಬೇಡ. ಚೌರಿ ಎಣ್ಣೆ ಕುಡಿಯುವುದಿಲ್ಲ, ಅದು ಪ್ಲಾಸ್ಟಿಕ್" ಎಂದೆ.

"ಕೂಸಿನ ತಲಿ ಒಣಗೇತಿ, ಕುಡೀಲಿ ಬಿಡ್ರಿ. ನಿಮ್ಮ ಕಾಲೇಜು ಬುದ್ಧಿ ತಲಿಗೆ ಹಚ್ಚಾಕ ಬರೂದಿಲ್ಲ, ಎಣ್ಣಿ ಬರತೈತಿ."

ಮಗಳು ನಕ್ಕಳು. ತಾಯಿ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎಂದು ನನ್ನ ನೆನಪು. ನಾನು ಎಣ್ಣೆಯ ಡಬ್ಬಿಯನ್ನು ಅತ್ತೆಯ ಕಡೆಗೆ ಸರಿಸಿದೆ.

ಅತ್ತೆ ಊರಿಗೆ ಮರಳಿದರು. ಮಣಿನಗರದ ಮನೆಯಲ್ಲಿ ನನಗೆ ಕಾಲು ನಿಲ್ಲಲಿಲ್ಲ. ನಾನು ಬಟ್ಟೆ, ನೂಲು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಸೂರತ್ತಿನ ಶಾಖೆಗೆ ವರ್ಗ ಕೇಳಿ ಪಡೆದೆ. ಅಲ್ಲಿ ನಮ್ಮ ಮನೆಯ ಕೆಳಗೇ ಸೀರೆ ಮಡಿಸುವ ಕಾರ್ಖಾನೆ. ಗಾಳಿಯಲ್ಲೆಲ್ಲ ನೂಲಿನ ಧೂಳು. ಆ ಧೂಳು, ಆ ಎಣ್ಣೆ, ಸೂರತ್ತಿನ ಬೆವರು ಮೂರೂ ಮಗಳ ಜಡೆಗಳ ಬುಡದಲ್ಲಿ ಕೂತು ಬೂದು ಬಣ್ಣದ ಗಂಟುಗಳಾದವು. ಕೂದಲು ಬೆಳೆದಂತೆಲ್ಲ ಜಡೆಗಳು ಬುಡದಿಂದ ಕೆಳಗಿಳಿದು ಎಳೆಯತೊಡಗಿದವು. ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದವು, ಕಿವಿಯ ಮೇಲೆ ಚರ್ಮ ಕಾಣಿಸಿತು. ಬುಡವನ್ನು ಹೀಗೇ ತಿಂಗಳುಗಟ್ಟಲೆ ಎಳೆದರೆ ಅಲ್ಲಿ ಮತ್ತೆ ಕೂದಲೇ ಬರುವುದಿಲ್ಲ ಎಂದು ಹೆಂಡತಿ ಹೇಳುತ್ತಿದ್ದಳು. ಆ ಮಾತನ್ನು ನಾನು ಹೊಸೆದದ್ದಲ್ಲ. ಚರ್ಮದ ವೈದ್ಯರೂ ಅದನ್ನೇ ಹೇಳಿದರು. ಪಾರ್ಲರಿನ ಹೆಂಗಸು ಜಡೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಕಾಪಿ ನಾಖೋ ಭಾಯ್, ವಾಳ್ ತೋ ಫರೀ ಆವಶೇ" ಎಂದಳು. ಕತ್ತರಿಸಿ ಹಾಕಿ, ಕೂದಲು ಮತ್ತೆ ಬಂದೀತು. ಮಗಳು ಕುರ್ಚಿಯಿಂದ ಇಳಿದು ರಸ್ತೆಗೆ ಓಡಿದಳು.

ಕೊನೆಗೆ ತೀರ್ಮಾನ ಮಾಡಿದ್ದು ಜಡೆಯೇ. ಒಂದು ದಿನ ಮಗಳು ಶಾಲೆಯಿಂದ ಬಂದು, ಕಂಪಾಸ್ ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು. ಒಳಗೆ ಒಂದು ಇಡೀ ಜಡೆ ಸುತ್ತಿಕೊಂಡು ಕೂತಿತ್ತು.

"ನಾನು ಎಳೆದಿಲ್ಲ ಪಪ್ಪಾ, ಸಚ್ಚೀ. ಅದೇ ಬಂತು" ಎಂದಳು, ಶಾಲೆಯ ಹಿಂದಿ ಬೆರೆತ ಕನ್ನಡದಲ್ಲಿ.

ಕಿವಿಯ ಮೇಲೆ ಹೆಬ್ಬೆರಳಗಲ ಬೋಳಾಗಿತ್ತು.

"ಬಾಕಿ ಎಲ್ಲ ಹಿಂಗೇ ಬೀಳ್ತದಾ?"

"ಹೀಗೇ ಬಿಟ್ಟರೆ ಬೀಳಬಹುದು."

ಅವಳು ಡಬ್ಬಿಯ ಮುಚ್ಚಳ ಮುಚ್ಚಿ, "ಹಾಗಾದ್ರೆ ನೀನೇ ಬಿಚ್ಚು. ಪಾರ್ಲರ್ ನಹೀ" ಎಂದಳು.

ನಾನು ಯಾರ ಕೂದಲನ್ನೂ ಮುಟ್ಟಿದವನಲ್ಲ. ನನ್ನದನ್ನು ಚಿಕ್ಕಂದಿನಿಂದ ಬೋಳಿಸಿದಂತೆ ಕತ್ತರಿಸಿಕೊಂಡು ಬಂದಿದ್ದೇನೆ. ಗಂಟಿಗೆ ಮೊದಲು ನೀರು ಹಾಕಬೇಕೋ ಕಂಡಿಷನರ್ ಹಾಕಬೇಕೋ? ಹೆಂಡತಿಯ ದನಿಯಲ್ಲಿ ನನಗೆ ಎರಡೂ ಕೇಳಿಸುತ್ತಿತ್ತು. ಜಡೆಯ ತುದಿಯನ್ನು ಕತ್ತರಿಸಿದರೆ ಬಿಚ್ಚುವುದು ಸುಲಭ, ಆದರೆ ಒಳಗೆ ಮಗಳ ಸ್ವಂತ ಕೂದಲು ಎಲ್ಲಿಯವರೆಗಿದೆ? ಹೆಗಲಿನವರೆಗೆ ಎಂದು ಒಮ್ಮೆ ಅನ್ನಿಸಿದರೆ ಗಲ್ಲದವರೆಗೆ ಎಂದು ಮತ್ತೊಮ್ಮೆ. ನೆನಪನ್ನು ಬಿಟ್ಟು ಲ್ಯಾಬಿನಲ್ಲಿ ದಿನವೂ ಮಾಡುವುದನ್ನೇ ಮಾಡೋಣವೆಂದುಕೊಂಡೆ. ನೂಲು ಯಾವುದೆಂದು ತಿಳಿಯದಿದ್ದರೆ ನಾವು ಸುಟ್ಟು ನೋಡುತ್ತೇವೆ. ಕೃತಕ ನೂಲು ಕರಗಿ ಮಣಿಯಾಗುತ್ತದೆ. ಉಣ್ಣೆ, ಕೂದಲು ಕಮಟು ವಾಸನೆ ಬಿಟ್ಟು ಬೂದಿಯಾಗುತ್ತವೆ.

ಬಿದ್ದ ಜಡೆಯನ್ನು ಕೇಳಿದೆ. ಮಗಳು ಡಬ್ಬಿಯನ್ನು ಎದೆಗೊತ್ತಿಕೊಂಡಳು.

"ಅವ್ವನ ಜಡೆ ಸುಡ್ತೀಯಾ?"

"ಉಳಿದವುಗಳಲ್ಲಿ ನಿನ್ನ ಕೂದಲು ಎಲ್ಲಿಯವರೆಗಿದೆ ಅಂತ ತಿಳಿಯಬೇಕಲ್ಲ."

"ತು ನಾ, ಎಲ್ಲ ಟೆಸ್ಟ್ ಮಾಡ್ತೀ. ಅವ್ವ ದಾಲ್ ರುಚಿ ನೋಡು ಅಂದ್ರೂ ನೀನು ಪಹಲೇ ವಾಸನೆ ನೋಡ್ತಿದ್ದೆ." ಹಾಗೆಂದು ಅರ್ಧ ಕೊಡಲು ಒಪ್ಪಿದಳು. ಯಾವ ಅರ್ಧ ಎಂದು ಅವಳೇ ಆರಿಸಲಿ ಎಂದೆ. ಮೇಲಿನ, ಗಂಟಿದ್ದ ಅರ್ಧ ನನಗೆ ಬಂತು.

ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತೆವು. ಕತ್ತರಿಸಿದ ಕಡೆಯಿಂದ ಚೂರು ಚೂರಾಗಿ ಸುಡುತ್ತ ಹೋದೆ. ಕಪ್ಪು ಮಣಿ, ಕಪ್ಪು ಮಣಿ, ಮತ್ತೆ ಕಪ್ಪು ಮಣಿ. ಬುಡದಿಂದ ಗೇಣು ದೂರ ಉಳಿದಾಗ ಕಮಟು ವಾಸನೆ ಬಂತು. ಮಗಳು ಮೂಗು ಮುಚ್ಚಿಕೊಂಡು, "ಇದು ನಾನು" ಎಂದಳು. ಉಳಿದ ತುಂಡಿನ ಗಂಟಿನ ಒಂದು ಬದಿಗೆ ಬರೀ ನೀರು ಹನಿಸಿದೆ. ಧೂಳು ನೆನೆದು ಗಂಟು ಇನ್ನೂ ಬಿಗಿಯಿತು. ಇನ್ನೊಂದು ಬದಿಗೆ ಕಂಡಿಷನರ್ ಹಚ್ಚಿ ಬೆರಳಲ್ಲಿ ಬಿಡಿಸಿದೆ. ಅದು ನಿಧಾನವಾಗಿ ಸಡಿಲಗೊಂಡಿತು. ಹೆಂಡತಿ ಹೇಳಿದ್ದು ಯಾವುದು ಎಂಬುದು ಆಗಲೂ ತಿಳಿಯಲಿಲ್ಲ. ಮಾಡಬೇಕಾದ್ದೇನು ಎಂಬುದು ತಿಳಿಯಿತು.

ಆಮೇಲೆ ಮಗಳ ತಲೆಗೆ ಕೈ ಹಾಕಿದೆ. ಧಾರಾಳವಾಗಿ ಜಾಗ ಬಿಟ್ಟು ಚೌರಿಯ ತುದಿ ಕತ್ತರಿಸುವುದು, ಕೆಳಗಿನಿಂದ ಮೇಲಕ್ಕೆ ಬಿಚ್ಚುವುದು, ಬುಡದ ಗಂಟಿಗೆ ಕಂಡಿಷನರ್ ಹಚ್ಚಿ, ಚೂಪು ಹಿಡಿಯ ಬಾಚಣಿಗೆಯಿಂದ ಒಂದೊಂದೇ ಎಳೆ ಹೊರಗೆ ಕರೆಯುವುದು. ಬಿಚ್ಚಿದಲ್ಲೆಲ್ಲ ಕೂದಲು ಹಿಡಿಹಿಡಿಯಾಗಿ ಉದುರಿತು. ದಿನವೂ ಉದುರಬೇಕಾದ ಕೂದಲು ಜಡೆಯೊಳಗೇ ಸಿಕ್ಕಿಕೊಂಡಿದ್ದು ಒಟ್ಟಿಗೆ ಬರುತ್ತದೆ, ಹೆದರಬಾರದು ಎಂದು ಹೆಂಡತಿ ಹೇಳುತ್ತಿದ್ದಳೆಂದು ಮಗಳಿಗೆ ಹೇಳಿದೆ. ಹೇಳಿದ್ದಳೋ, ಎಲ್ಲೋ ಓದಿದ್ದನ್ನು ಅವಳ ಬಾಯಿಗೆ ಹಾಕಿದೆನೋ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಜಡೆ ಬಿಚ್ಚಿತು. ಕೂದಲನ್ನು ಬೆರಳಿನಿಂದ ಸರಿಸಿದಾಗ ನಾನು ಎಣಿಸದೇ ಇದ್ದದ್ದು ಕಾಣಿಸಿತು. ಜಡೆಗಳು ಹೋದರೂ ಬೈತಲೆಗಳು ಹೋಗಿರಲಿಲ್ಲ. ತಲೆಯ ತುಂಬ ನೇರವಾದ ಗೆರೆಗಳು, ಗದ್ದೆಯ ಬದುಗಳ ಹಾಗೆ, ಚೌಕ ಚೌಕವಾಗಿ. ಹೆಂಡತಿಯ ಬಾಚಣಿಗೆ ಎಳೆದ ಗೆರೆಗಳು. ಒಂದೇ ಒಂದು, ನೆತ್ತಿಯ ಹತ್ತಿರ, ತುಸು ಸೊಟ್ಟಗಿತ್ತು. ಅಲ್ಲಿ ಮಗಳು ತಲೆ ಅಲ್ಲಾಡಿಸಿರಬೇಕು, ಹೆಂಡತಿ ಮೊಟಕಿರಬೇಕು.

ಅವ್ವನ ಗೆರೆಗಳು ಇನ್ನೂ ಇವೆ ಎಂದು ಮಗಳಿಗೆ ಹೇಳಬಾರದಿತ್ತೇನೋ, ಹೇಳಿದೆ. ಮಗಳು ಫೋಟೊ ತೆಗೆ ಎಂದಳು. ತೆಗೆದು ತೋರಿಸಿದೆ. ಫೋಟೊದಲ್ಲಿ ಬರೀ ಕೆದರಿದ ಕೂದಲು. ಅವಳು ಬೆರಳ ತುದಿಯಿಂದ ತಡವಿ ಗೆರೆಯೊಂದನ್ನು ಕಂಡುಕೊಂಡು, ಅದರ ಗುಂಟ ಹಿಂದಿನವರೆಗೆ ಹೋದಳು.

"ತಲೆ ತೊಳೆದ್ರೆ ಇದು ಹೋಗ್ತದಾ?"

"ಹೋಗುತ್ತೆ."

"ಇದರ ಮೇಲೇ ನೀನು ಮತ್ತೆ ಜಡೆ ಹಾಕು."

"ಬುಡ ಗಾಯವಾಗಿದೆ ಮಗಾ. ಈಗ ಹಾಕಿದರೆ ಇರುವುದೂ ಹೋಗುತ್ತೆ. ತೊಳೆದು ವಿಶ್ರಾಂತಿ ಕೊಡಬೇಕು."

"ಯಾರು ಹೇಳಿದ್ದು? ನಿನ್ನ ಲ್ಯಾಬ್?"

"ಅವ್ವ." ಇದೊಂದರಲ್ಲಿ ನನಗೆ ಅನುಮಾನವಿರಲಿಲ್ಲ.

ಅವಳು ಅಳಲಿಲ್ಲ. ಗೋಡೆಗೆ ಮುಖ ಮಾಡಿ ಕೂತಳು. ಒಂದು ಕೈ ತಲೆಯ ಮೇಲೆಯೇ ಇತ್ತು. ನಾನು ಉದುರಿದ ಕೂದಲನ್ನೂ ಚೌರಿಯನ್ನೂ ಗುಡಿಸಿದೆ. ಬಕೆಟ್ಟಿಗೆ ನೀರು ಬಿಟ್ಟೆ. ನೀರು ತುಂಬಿ ಹರಿಯುವವರೆಗೂ ಕರೆಯಲಿಲ್ಲ. ಅವಳೇ ಬಂದು ಬಚ್ಚಲಲ್ಲಿ ಬಗ್ಗಿ ನಿಂತು, "ಧೀರೇ, ಹಾಂ. ಮೆಲ್ಲಗೆ" ಎಂದಳು.

ಮೊದಲ ತಂಬಿಗೆ ನೀರಿಗೆ ಗೆರೆಗಳು ಇನ್ನೂ ಕಂಡವು, ಸ್ವಲ್ಪ ಹೊಳೆದವು ಕೂಡ. ಶಾಂಪೂ ಹಚ್ಚಿ ಬೆರಳಾಡಿಸುವಾಗ ನನ್ನ ಬೆರಳು ಎಷ್ಟು ಹಗುರಾದರೂ ಪ್ರಯೋಜನವಿರಲಿಲ್ಲ. ಸುರುಳಿಗಳು ನೀರು ಕುಡಿದು ಎಲ್ಲ ದಿಕ್ಕಿಗೂ ಎದ್ದುಕೊಂಡವು. ಕೊನೆಯ ನೊರೆ ಹೋದಾಗ ತಲೆಯ ಮೇಲೆ ಚೌಕವೂ ಇರಲಿಲ್ಲ, ಸೊಟ್ಟ ಗೆರೆಯೂ ಇರಲಿಲ್ಲ. ಕಿವಿಯ ಮೇಲಿನ ಬೋಳು ಮಾತ್ರ ಇತ್ತು. ಅಲ್ಲಿ ಮತ್ತೆ ಕೂದಲು ಬರುತ್ತದೋ ಇಲ್ಲವೋ, ಇದನ್ನು ಬರೆಯುವ ಹೊತ್ತಿಗೂ ನನಗೆ ಗೊತ್ತಿಲ್ಲ.

ಬಾಲ್ಕನಿಯಲ್ಲಿ ತಲೆ ಒಣಗಿಸುತ್ತ ಕೂತಾಗ ಮಗಳು ಕೇಳಿದಳು:

"ಗಾಯ ವಾಸಿಯಾದ ಮೇಲೆ ನೀನು ಹಾಕ್ತೀ ನಾ? ಅವ್ವ ಎಲ್ಲಿಂದ ಶುರು ಮಾಡ್ತಿದ್ಲು, ಗೊತ್ತಾ?"

"ಹಿಂದಿನಿಂದ, ಕತ್ತಿನ ಹತ್ತಿರದಿಂದ" ಎಂದೆ. ಅದು ನನಗೆ ಕಣ್ಣಿಗೆ ಕಟ್ಟಿದಂತಿತ್ತು: ಮಗಳ ಬಗ್ಗಿದ ಕತ್ತು, ಹೆಂಡತಿಯ ಮೊಣಕೈ.

"ನಹೀ ಪಪ್ಪಾ. ಇಲ್ಲಿಂದ." ಅವಳು ಎಡಗಿವಿಯ ಹಿಂದೆ ಬೆರಳಿಟ್ಟಳು. "ತಲೆ ನನ್ನದು. ನನಗೆ ಗೊತ್ತಿಲ್ವಾ?"

ಕೂದಲು ಒಣಗುವವರೆಗೂ ಅವಳು ಆ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.